ಬೂದು ಚೌಕ

ಜೂನ್ 3, ಮಂಗಳವಾರ

ಬೆಳಿಗ್ಗೆ ಎಂದಿನಂತೆ ಮೊದಲು ವಾಚ್‌ಮನ್ ಮಂಡಿ ವಿಚಾರಿಸಿದೆ. “ನೋವಿಲ್ಲ ಮೇಡಂ, ಇವತ್ತು ಆರಾಮಾಗಿದೆ” ಎಂದ. ಹಾಗಾದರೆ ಮಳೆ ಇಲ್ಲ. ಬ್ಯಾಂಕ್ ಕಟ್ಟಡದ ಹೊರಗೋಡೆಗೆ ಬಿಳಿ ಪ್ರೈಮರ್ ಬಳಿಯುವುದು ಎಂದು ಬೋರ್ಡಿನ ಮೇಲೆ ಬರೆದೆ. ನಮ್ಮದು ಬಣ್ಣ ಬಳಿಯುವ ಕಂಪನಿ. ಯಾವ ತಂಡ ಯಾವ ದಿನ ಯಾವ ಗೋಡೆಗೆ ಹೋಗಬೇಕು ಎಂದು ಹೇಳುವವಳು ನಾನು. ಹವಾಮಾನ ವರದಿ ನೋಡುವುದಿಲ್ಲ, ವಾಚ್‌ಮನ್ ಮಂಡಿ ನೋಡುತ್ತೇನೆ. ಕಂಪನಿಯ ಯಜಮಾನರಿಗೆ ಗೊತ್ತಾದರೆ ನನ್ನನ್ನೇ ಬೋರ್ಡಿನಿಂದ ಒರೆಸಿ ಹಾಕುತ್ತಾರೆ.

ಆಮೇಲೆ ಕಂಪ್ಯೂಟರ್ ಆನ್ ಮಾಡಿದೆ. ಬ್ರೌಸರ್ ತಾನೇ ತಾನಾಗಿ ಅಪ್ಡೇಟ್ ಆಗಿ ಕೂತಿತ್ತು. ಮೇಲೆ ಒಂದು ಹಳದಿ ಪಟ್ಟಿ — ನಿಮ್ಮ ಕೆಲವು ಆಡ್-ಆನ್‌ಗಳು ಇನ್ನು ಮುಂದೆ ಕೆಲಸ ಮಾಡುವುದಿಲ್ಲ. ಓದಲಿಲ್ಲ. ಇಂಥದ್ದನ್ನು ಯಾರು ಓದುತ್ತಾರೆ? ಓಕೆ ಒತ್ತಿದೆ. ಸುದ್ದಿ ಪುಟ ತೆರೆಯಿತು.

ಪುಟದ ಬಲಗಡೆ ಅವನು.

ನೀಲಿ ಕೋಟು. ಕೂದಲು ಹಿಂದಕ್ಕೆ ಬಾಚಿದ್ದಾನೆ. ಕೈ ಚಾಚಿ ಮೋಡ ತೋರಿಸುತ್ತಿದ್ದಾನೆ, ಮೋಡವನ್ನೆಲ್ಲ ತಾನೇ ಕೊಂಡು ತಂದವನಂತೆ. ಕೈಯಲ್ಲಿದ್ದ ಚಹಾ ಕೀಬೋರ್ಡಿನ ಮೇಲೆ.

ಒಂದು ವರ್ಷದಿಂದ ಆ ಜಾಗದಲ್ಲಿ ಇದ್ದದ್ದು ಒಂದು ಬೂದು ಚೌಕ. ನಾವು ಬೇರೆಯಾದ ಮೇಲೆ ನನಗೆ ಉಸಿರಾಡಲು ಜಾಗವಿರಲಿಲ್ಲ — ಟಿವಿಯಲ್ಲಿ ಹವಾಮಾನ ಹೇಳುವವನನ್ನು ಕಟ್ಟಿಕೊಂಡರೆ, ಬಿಟ್ಟ ಮೇಲೂ ಅವನು ಪ್ರತಿ ಪುಟದಲ್ಲಿ ಇಣುಕುತ್ತಾನೆ. ಟಿವಿಯನ್ನು ಅವನು ತೆಗೆದುಕೊಂಡು ಹೋದ, ಫ್ರಿಜ್ ನನಗೆ ಬಂತು, ಅಲ್ಲಿಗೆ ಒಂದು ಕಾಟ ತಪ್ಪಿತು. ಇಂಟರ್ನೆಟ್ಟಿಗೆ ಈ ಆಡ್-ಆನ್, ಬ್ರೌಸರ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ. ಬೇಡವಾದ ಪದ ಅದರಲ್ಲಿ ಬರೆದರೆ ಸಾಕು, ಆ ಪದ ಇರುವ ಪೆಟ್ಟಿಗೆಯೆಲ್ಲ ಬೂದಾಗುತ್ತದೆ. ಅವನ ಹೆಸರು ಬರೆದಿದ್ದೆ, ಅವನ ಕಾರ್ಯಕ್ರಮದ ಹೆಸರು ಬರೆದಿದ್ದೆ. ಮುಗಿಯಿತು. ಅವನೂ ಇಲ್ಲ, ಮಳೆಯೂ ಇಲ್ಲ.

ಇಲ್ಲೂ ಹೆಸರು ಬರೆಯುವುದಿಲ್ಲ. ಹವಾಮಾನ ಎಂದರೆ ಸಾಕು.

ದಿನವಿಡೀ ಕಂಪ್ಯೂಟರ್ ಪರದೆಯ ಬಲಭಾಗಕ್ಕೆ ಬಣ್ಣದ ಮಾದರಿಗಳ ಶೇಡ್ ಕಾರ್ಡ್ ಒರಗಿಸಿಕೊಂಡು ಕೆಲಸ ಮಾಡಿದೆ.

ಜೂನ್ 4, ಬುಧವಾರ, ಮಧ್ಯಾಹ್ನ

ಆಂಟಿವೈರಸ್ ಬಂದಿದ್ದ. ನಮ್ಮ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವನು. ಮೂರು ಮಕ್ಕಳ ತಂದೆ, ಎರಡು ಫೋನು, ಒಂದು ದೊಡ್ಡ ಹೊಟ್ಟೆ. ಏನೇ ಕೆಟ್ಟರೂ “ವೈರಸ್ ಇರ್ಬೇಕು ಮೇಡಂ” ಎನ್ನುತ್ತಾನೆ, ಫ್ಯಾನ್ ನಿಂತರೂ. ಆಡ್-ಆನ್ ಹಾಕಿಕೊಟ್ಟವನೂ ಇವನೇ. ಯಾರ ಹೆಸರಿಗೆ ಎಂದು ಆಗಲೂ ಕೇಳಲಿಲ್ಲ. ಅದಕ್ಕೇ ಅವನ ಮೇಲೆ ಗೌರವ.

“ವೈರಸ್ಸಾ?” ಎಂದೆ.

“ಅಲ್ಲ ಮೇಡಂ, ಇದು ಅದಕ್ಕಿಂತ ಕಷ್ಟ. ಇದನ್ನ ಬರೆದವನು ಕೈಬಿಟ್ಟು ಯಾವ ಕಾಲ ಆಯ್ತೋ. ಹೊಸ ಬ್ರೌಸರ್‌ಗೆ ಹಳೇ ಥರದ ಆಡ್-ಆನ್ ಸೇರಲ್ಲ. ಯಾರಾದ್ರೂ ಹೊಸದಾಗಿ ಬರೀಬೇಕು.”

“ಹಳೇ ಬ್ರೌಸರ್ರೇ ಹಾಕಿಕೊಡಿ.”

“ಹಾಕ್ತೀನಿ. ಅದೆಷ್ಟೊತ್ತು ನಿಲ್ಲುತ್ತೋ ನೋಡಿ.”

ಹಾಕಿದ. ಬೂದು ಚೌಕ ಬಂತು. ಊಟ ಮುಗಿಸಿ ಬರುವಷ್ಟರಲ್ಲಿ ಅದು ಮತ್ತೆ ತಾನೇ ಅಪ್ಡೇಟ್ ಆಗಿತ್ತು, ಹವಾಮಾನ ಹಲ್ಲು ಕಿರಿಯುತ್ತಿದ್ದ. ಆಂಟಿವೈರಸ್‌ಗೆ ಫೋನ್ ಮಾಡಿದರೆ ನಗುತ್ತಾನೆ. ಬೇರೆ ಯಾರಾದರೂ ಅಂಥದ್ದನ್ನೇ ಬರೆದಿದ್ದಾರಾ ಹುಡುಕುತ್ತಾನಂತೆ. ಎಷ್ಟು ದಿನ ಎಂದರೆ “ಹುಡುಕ್ತೀನಿ ಮೇಡಂ” ಅಷ್ಟೇ. ಕಾಲು ನಿಲ್ಲುತ್ತಿಲ್ಲ. ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿದೆ. ಯಜಮಾನರು ಹೋಗುತ್ತಾ ಬರುತ್ತಾ ನೋಡಿದರು.

ಅದೇ ದಿನ, ಸಂಜೆ

ಮನೆಯಲ್ಲಿ ಇನ್ನೊಂದು ವಿಚಿತ್ರ. ಮಿಡತೆ ಹಾಡುತ್ತಿದ್ದಾಳೆ.

ನನ್ನ ಮಗಳು. ಒಂಬತ್ತು ವರ್ಷ. ಒಂದು ಕಡೆ ಕೂತವಳಲ್ಲ, ಅದಕ್ಕೇ ಮಿಡತೆ. ಆದರೆ ಈ ಒಂದು ವರ್ಷದಿಂದ ಜಿಗಿತ ಕಡಿಮೆ, ಮುಖ ಊದಿಸಿಕೊಳ್ಳುವುದೇ ಹೆಚ್ಚು. ಇವತ್ತು ಶಾಲೆಯಿಂದ ಬಂದವಳೇ ಮುಖ ತೊಳೆದು, ತಲೆ ಬಾಚಿ, ಹೋಂವರ್ಕ್‌ಗೆ ಲ್ಯಾಪ್‌ಟಾಪ್ ಮುಂದೆ ಕೂತಳು. ನಾನು ಹಿಂದೆ ಬಳಸುತ್ತಿದ್ದ ಹಳೇ ಲ್ಯಾಪ್‌ಟಾಪ್, ಈಗ ಅವಳದು.

“ಹೋಂವರ್ಕ್‌ಗೆ ಯಾಕೆ ತಲೆ ಬಾಚ್ಕೊಳ್ತಿದೀಯ?”

“ಸುಮ್ನೆ.”

“ಮಿಸ್ ನೋಡ್ತಾರಾ?”

“ಅಮ್ಮ, ನಿಂಗೆ ಎಲ್ಲಾ ಗೊತ್ತಾಗ್ಬೇಕು ಅಂತ ಇದೆಯಾ?”

ಬಾಯಿ ನನ್ನದೇ. ಬೇರೆ ಯಾರನ್ನು ದೂರಲಿ.

ಜೂನ್ 6, ಶುಕ್ರವಾರ

ಬರೆಯಲೇ ನಾಚಿಕೆ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಬೆಳಿಗ್ಗೆ ಪುಟ ತೆರೆದಾಗ ಶೇಡ್ ಕಾರ್ಡ್ ಜಾರಿತು. ಹವಾಮಾನ ಕಂಡ. ಕೆಳಗೆ ದಪ್ಪ ಅಕ್ಷರ — ಮಧ್ಯಾಹ್ನದ ನಂತರ ಜೋರು ಮಳೆ. ವಾಚ್‌ಮನ್ ಮಂಡಿಯೂ ಅದನ್ನೇ ಹೇಳಿತು, ಇವತ್ತು ಕುಂಟುತ್ತಿದ್ದ. ಬುದ್ಧಿ ಇದ್ದವರು ಒಳಗಿನ ಕೆಲಸ ಹಾಕುತ್ತಿದ್ದರು. ನಾನು ಏನು ಮಾಡಿದೆ? ಇವನು ಹೇಳಿದ ಹಾಗೆ ನಾನ್ಯಾಕೆ ಕೇಳಬೇಕು ಎಂದು ಹೊರಗೋಡೆಯನ್ನೇ ಹಾಕಿದೆ. ನಿಜಕ್ಕೂ ಅಷ್ಟೇ. ಬೇರೆ ಕಾರಣ ಎಳ್ಳಷ್ಟೂ ಇಲ್ಲ.

ಮೂರು ಗಂಟೆಗೆ ಆಕಾಶ ಹರಿದು ಬಿತ್ತು. ಮೇಸ್ತ್ರಿ ಒದ್ದೆಯಾಗಿ ಬಾಗಿಲಲ್ಲಿ ನಿಂತ. ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

“ಮೇಡಮ್ಮೋರೆ, ಗೋಡೆಗೆ ಬಳಿದಿದ್ದೆಲ್ಲ ಚರಂಡಿಗೆ ಹೋಯ್ತು. ಬಂದು ನೋಡಿ, ಚರಂಡಿ ಎಷ್ಟು ಬೆಳ್ಳಗೆ ಕಾಣ್ತಿದೆ.”

“ಹುಡುಗರು?”

“ಸಾರುವೆ ಇಳಿದ್ರು. ಯಾರಿಗೂ ಏನಾಗಿಲ್ಲ. ಒಬ್ಬ ಜಾರಿದ್ದ, ಹಗ್ಗ ಇತ್ತು.”

ಹಗ್ಗ ಇತ್ತು. ಇಲ್ಲದಿದ್ದರೆ? ಬೊಂಬಿನ ಸಾರುವೆ, ಎರಡು ಮಹಡಿ ಎತ್ತರ, ಒದ್ದೆ. ಯಜಮಾನರು ಕರೆಸಿದರು. “ಟಿವಿಲಿ ಬೆಳಿಗ್ಗೇನೇ ಹೇಳಿದ್ರಲ್ಲಮ್ಮ, ನೀವು ನೋಡಲ್ವಾ?” ಎಂದರು. ಮನೆಯಲ್ಲಿ ಟಿವಿ ಇಲ್ಲ ಎಂದೆ. “ಫೋನ್ ಇದೆಯಲ್ಲ?” ಎಂದರು.

ಆ ಆಡ್-ಆನ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆ. ಕೊಡೆಯೂ ಇರಲಿಲ್ಲ. ತೊಯ್ದು ತೊಪ್ಪೆಯಾಗಿ ಮನೆ ಸೇರಿದರೆ ಮಿಡತೆ — “ಮಳೆ ಬರುತ್ತೆ ಅಂತ ಗೊತ್ತಿರ್ಲಿಲ್ವಾ? ನಾನು ರೇನ್‌ಕೋಟ್ ತಗೊಂಡು ಹೋಗಿದ್ದೆ.” ಅವಳಿಗೆ ಹೇಗೆ ಗೊತ್ತಾಯಿತು ಎಂದು ಕೇಳಲೂ ತೋಚಲಿಲ್ಲ.

ಜೂನ್ 8, ಭಾನುವಾರ

ಭಾನುವಾರ ಸಂಜೆ ಅವನ ಫೋನು. ನನ್ನ ಫೋನಿಗೇ ಬರುತ್ತದೆ. ನಾನು “ಕೊಡ್ತೀನಿ” ಎಂದು ಮಾತ್ರ ಹೇಳಿ ಮಿಡತೆಯ ಕೈಗಿಡುತ್ತೇನೆ. ಅವಳು ಗೋಡೆ ನೋಡುತ್ತಾ ನಿಂತು, ಹ್ಞೂಂ, ಊಹೂಂ, ಆಯ್ತು, ಬೈ. ಅಷ್ಟೇ. ವರ್ಷದಿಂದ ಹೀಗೆಯೇ. ಅವಳಿಗೆ ನಾನೇನೂ ಹೇಳಿಕೊಟ್ಟಿಲ್ಲ, ಒಂದು ಮಾತೂ ಕೆಟ್ಟದ್ದು ಆಡಿಲ್ಲ. ತಾನೇ ಹಾಗೆ. ಒಳಗೊಳಗೇ ನನಗೆ ಖುಷಿ. ಮಗಳು ನನ್ನ ಪಕ್ಷ. ಈ ಮಾತನ್ನು ಅಕ್ಕನಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಇವತ್ತು ಫೋನು ಬಂದದ್ದೇ ಕೈಯಿಂದ ಕಸಿದುಕೊಂಡಳು. ರೂಮಿಗೆ ಹೋದಳು. ನಗು. ಗಣಿತದ ಮಿಸ್ ಕಥೆ. ಬಿದ್ದ ಹಲ್ಲಿನ ಕಥೆ. “ಅಪ್ಪ, ನೀಲಿ ಕೋಟ್‌ಗಿಂತ ಆ ಕಂದು ಕೋಟೇ ಚೆನ್ನಾಗಿದೆ” ಎಂದದ್ದು ಕೇಳಿಸಿತು. ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಕೊನೆಗೆ ಹೊರಗೆ ಬಂದು ಫೋನ್ ಕೊಟ್ಟಳು. ಬಿಸಿಯಾಗಿತ್ತು.

“ಏನಿಷ್ಟು ಮಾತು ಇವತ್ತು?”

“ಅಪ್ಪ ರಾಜಿ ಆಗಿದಾರೆ.”

“ಯಾರ ಜೊತೆ?”

“ನನ್ನ ಜೊತೆ.”

ಜಗಳ ಯಾವಾಗ ಆಗಿತ್ತು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಹೊಟ್ಟೆ ಉರಿಯುತ್ತಿತ್ತು. ಅವನು ಈ ಮಗುವಿಗೆ ಏನೋ ಆಸೆ ತೋರಿಸಿದ್ದಾನೆ ಎಂದುಕೊಂಡೆ. ಸೈಕಲ್ಲೋ, ನಾಯಿಮರಿಯೋ.

ಜೂನ್ 10, ಮಂಗಳವಾರ

ಸಿಕ್ಕಿತು! ಆಂಟಿವೈರಸ್ ಗೆದ್ದ. ಯಾರೋ ಪುಣ್ಯಾತ್ಮರು ಹಳೆಯದನ್ನೇ ತಿದ್ದಿ ಹೊಸ ಬ್ರೌಸರ್‌ಗೆ ಹೊಂದುವಂತೆ ಮಾಡಿದ್ದಾರಂತೆ. ಹಾಕಿಕೊಟ್ಟ. “ಪದ ನೀವೇ ಬರ್ಕೊಳ್ಳಿ ಮೇಡಂ” ಎಂದು ಆ ಕಡೆ ತಿರುಗಿ ನಿಂತ. ಎಂಥ ಸಂಭಾವಿತ. ಅವನ ಹೆಸರು ಟೈಪ್ ಮಾಡಿದೆ. ವರ್ಷದ ಮೇಲೆ ಆ ಅಕ್ಷರಗಳನ್ನು ನನ್ನ ಬೆರಳು ಮುಟ್ಟಿದ್ದು. ಎಂಟರ್.

ಬೂದು. ಮೆತ್ತಗೆ, ಸದ್ದಿಲ್ಲದೆ. ನಮ್ಮ ಶೇಡ್ ಕಾರ್ಡಿನಲ್ಲಿ ಇಂಥ ಬೂದಿಗೆ ಎಷ್ಟು ಹೆಸರುಗಳಿವೆ. ಎಲ್ಲಕ್ಕಿಂತ ಇದೇ ಚೆಂದ ಎನಿಸಿತು.

ಕಾಲು ಕುಣಿಯುವುದು ನಿಂತಿತು. ಬಹಳ ದಿನಗಳ ಮೇಲೆ ಹಸಿವಾಗಿ ಊಟ ಮಾಡಿದೆ.

ಜೂನ್ 11, ಬುಧವಾರ, ಸಂಜೆ

ಮಿಡತೆ ಊಟ ಮಾಡಲಿಲ್ಲ. ಲ್ಯಾಪ್‌ಟಾಪ್ ತೆರೆದಳು, ಒಂದು ನಿಮಿಷಕ್ಕೆ ಫಟ್ಟನೆ ಮುಚ್ಚಿದಳು. ಹಣೆ ಮುಟ್ಟಿದೆ, ಜ್ವರ ಇಲ್ಲ. ಹೊಟ್ಟೆನೋವಾ ಎಂದರೆ ಹ್ಞೂಂ, ತಲೆನೋವಾ ಎಂದರೂ ಹ್ಞೂಂ. ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರಾ? ಊಹೂಂ. ಮತ್ತೆ ಆ ಹ್ಞೂಂ, ಊಹೂಂ. ಬಾಚಿದ ತಲೆಯನ್ನು ಕೈಯಿಂದ ಕೆದರಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಾಳೆ.

ನೆಮ್ಮದಿ ಒಂದೇ ದಿನದ್ದು.

ಜೂನ್ 12, ಗುರುವಾರ

ಶಾಲೆಗೆ ಹೋಗುವುದಿಲ್ಲ ಎಂದು ಹಟ. ನಾನೂ ರಜೆ ಹಾಕಿದೆ. ಬೈದೆ, ಪುಸಲಾಯಿಸಿದೆ, ಮತ್ತೆ ಬೈದೆ. ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ ಏನೂ ಮಾಡಲಾಗದೆ ಪಕ್ಕದಲ್ಲಿ ಸುಮ್ಮನೆ ಮಲಗಿದೆ. ಹಾಗೆ ಮಲಗಿದ್ದಾಗ ಹೇಳಿದಳು, ಗೋಡೆಗೆ ಹೇಳಿದ ಹಾಗೆ.

“ಅಪ್ಪ ನನ್ನ ಮತ್ತೆ ಬ್ಲಾಕ್ ಮಾಡಿದಾರೆ.”

“ಏನು?”

“ಬ್ಲಾಕ್. ಮೊದಲೂ ಮಾಡಿದ್ರಲ್ಲ. ನೀವಿಬ್ರೂ ಬೇರೆ ಆದಾಗ. ಎಲ್ರಿಗೂ ಕಾಣಿಸ್ತಾರೆ, ನಂಗೆ ಮಾತ್ರ ಬೂದಿ ಕಲರ್ ಬಾಕ್ಸ್ ಬರುತ್ತೆ. ಪಕ್ಕದ್ಮನೆ ಕಂಪ್ಯೂಟರ್‌ನಲ್ಲಿ ನೋಡ್ದೆ, ಅವ್ರಿಗೆ ಕಾಣಿಸ್ತಾರೆ. ಸ್ಕೂಲಲ್ಲಿ ಎಲ್ರಿಗೂ ಕಾಣಿಸ್ತಾರೆ. ‘ನಿಮ್ಮಪ್ಪ ಇವತ್ತು ಮಳೆ ಅಂದ್ರು’ ಅಂತ ನಂಗೇ ಬಂದು ಹೇಳ್ತಾರೆ.”

“ಅಪ್ಪನ್ನೇ ಕೇಳ್ಬಹುದಿತ್ತಲ್ಲ ಪುಟ್ಟ” ಎಂದೆ.

“ಬ್ಲಾಕ್ ಮಾಡಿದವ್ರನ್ನ ಹೋಗಿ ಯಾಕೆ ಮಾಡಿದ್ರಿ ಅಂತ ಕೇಳ್ತಾರಾ ಯಾರಾದ್ರೂ? ನಂಗೆ ಮರ್ಯಾದೆ ಇಲ್ವಾ?”

ಆಮೇಲೆ ಈ ಕಡೆ ತಿರುಗಿದಳು. ಕಣ್ಣು ಕೆಂಪಗೆ.

“ಹೋದ ವಾರ ತೆಗೆದಿದ್ರು. ದಿನಾ ಕಾಣಿಸ್ತಿದ್ರು. ಭಾನುವಾರ ನಾನು ಎಷ್ಟು ಚೆನ್ನಾಗಿ ಮಾತಾಡ್ದೆ ಅಲ್ವಾ? ಅಮ್ಮ, ಕೋಟ್ ಚೆನ್ನಾಗಿಲ್ಲ ಅಂದಿದ್ದಕ್ಕಾ?”

ಅವಳು ಬಚ್ಚಲಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದೆ. ಬ್ರೌಸರ್‌ನ ಮೂಲೆಯಲ್ಲಿ ಒಂದು ಚಿಕ್ಕ ಗುಂಡು ಫೋಟೊ. ನನ್ನದು. ನನ್ನ ಅಕೌಂಟ್. ಲ್ಯಾಪ್‌ಟಾಪ್ ಅವಳಿಗೆ ಕೊಡುವಾಗ ಧೂಳು ಒರೆಸಿ ಕೊಟ್ಟಿದ್ದೆ, ಸ್ಟಿಕರ್ ಅಂಟಿಸಿ ಕೊಟ್ಟಿದ್ದೆ. ಅಕೌಂಟ್ ತೆಗೆಯಲು ಹೊಳೆಯಲೇ ಇಲ್ಲ.

ಅಲ್ಲಿ, ಅದೇ ಜಾಗದಲ್ಲಿ, ಬೂದು ಚೌಕ.

ಜೂನ್ 13, ಶುಕ್ರವಾರ

ಆಂಟಿವೈರಸ್‌ಗೆ ಫೋನ್ ಮಾಡಿದೆ, ಗೊತ್ತಿದ್ದದ್ದನ್ನೇ ಕೇಳಲು. “ಹೌದು ಮೇಡಂ, ಒಂದೇ ಅಕೌಂಟ್ ಅಂದ್ಮೇಲೆ ಆಫೀಸಲ್ಲಿ ಹಾಕಿದ್ದು ಮನೇಲೂ ಬಂದು ಕೂರುತ್ತೆ, ಕೆಟ್ರೆ ಎರಡೂ ಕಡೆ ಕೆಡುತ್ತೆ. ಒಳ್ಳೇ ಸೌಲಭ್ಯ.” ಒಳ್ಳೇ ಸೌಲಭ್ಯ!

“ಮನೆಯದ್ರಲ್ಲಿ ಮಾತ್ರ ಬೇಡ ಅಂದ್ರೆ?”

“ನಿಮ್ಮ ಅಕೌಂಟ್ ಸೈನ್ ಔಟ್ ಮಾಡಿ, ಆಡ್-ಆನ್ ತೆಗೆದ್ಬಿಡಿ. ಎರಡು ಕ್ಲಿಕ್. ಯಾರಿಗೂ ಗೊತ್ತೇ ಆಗಲ್ಲ.”

ಪಾಪ, ಅವನು ಕಂಪ್ಯೂಟರ್ ವಿಷಯ ಹೇಳಿದ್ದು. ಆದರೆ ಆ ಮಾತು ಮಧ್ಯಾಹ್ನವೆಲ್ಲ ನನ್ನ ಹಿಂದೆ ಹಿಂದೆಯೇ ತಿರುಗಿತು. ಯಾರಿಗೂ ಗೊತ್ತಾಗುವುದಿಲ್ಲ. ಎರಡು ಕ್ಲಿಕ್ ಮಾಡಿದರೆ ಅವಳಿಗೆ ಅಪ್ಪ ಕಾಣಿಸುತ್ತಾನೆ. ಅಪ್ಪ ಮತ್ತೆ ರಾಜಿ ಆದ ಎಂದುಕೊಳ್ಳುತ್ತಾಳೆ. ಅವಳೂ ಖುಷಿ. ಆಫೀಸಿನಲ್ಲಿ ನನಗೆ ನನ್ನ ಬೂದು ಚೌಕ ಇದ್ದೇ ಇರುತ್ತದೆ. ಯಾರ ಕೂದಲೂ ಕೊಂಕುವುದಿಲ್ಲ.

ಸಂಜೆ, ಅವಳು ಹೊರಗೆ ಆಡಲು ಹೋದಾಗ, ಎರಡು ಕ್ಲಿಕ್ ಮಾಡಿದೆ. ಕಳ್ಳಿಯ ಹಾಗೆ ಬಾಗಿಲ ಕಡೆ ಒಂದು ಕಣ್ಣಿಟ್ಟು.

ಜೂನ್ 14, ಶನಿವಾರ

ಅವಳು ನೋಡಿದಳು. ನಾನು ಬಟ್ಟೆ ಮಡಚುವ ನೆಪದಲ್ಲಿ ಹಿಂದೆಯೇ ಇದ್ದೆ. ಪರದೆಯಲ್ಲಿ ಹವಾಮಾನ, ಕಂದು ಕೋಟು. ಅವಳು ಹೇಳಿದ ಕೋಟು, ಅವನು ಹಾಕಿಕೊಂಡು ಬಂದಿದ್ದ. ಕುಣಿಯುತ್ತಾಳೆ ಎಂದುಕೊಂಡೆ.

ಸ್ವಲ್ಪ ಹೊತ್ತು ನೋಡಿ ಪುಟ ಮುಚ್ಚಿದಳು.

“ಅಪ್ಪ ಬಂದ್ರಲ್ಲ” ಎಂದೆ. ನನ್ನ ದನಿ ನನಗೇ ಅಸಹ್ಯ ಹುಟ್ಟಿಸಿತು.

“ಬಿಡಮ್ಮ. ಇನ್ನೊಂದು ವಾರಕ್ಕೆ ಮತ್ತೆ ಬ್ಲಾಕ್ ಮಾಡ್ತಾರೆ. ಅವ್ರು ಹಂಗೇ.”

ಅವ್ರು ಹಂಗೇ. ಈ ಮಾತು ಅವಳದಲ್ಲ, ನನ್ನದು. ಎಷ್ಟು ಸಲ ಅಕ್ಕನ ಜೊತೆ ಫೋನಿನಲ್ಲಿ ಅಂದಿದ್ದೇನೋ. ಕೆಟ್ಟ ಮಾತು ಒಂದೂ ಆಡಿಲ್ಲ ಎಂದು ಮೊನ್ನೆಯಷ್ಟೇ ಇದೇ ಪುಸ್ತಕದಲ್ಲಿ ಬರೆದೆ.

ಜೂನ್ 15, ಭಾನುವಾರ

ಫೋನು ಬಂತು. ಮಿಡತೆ ತಲೆಯಾಡಿಸಿದಳು, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹಾಗಾಗಿ ನಾನು ಮಾತಾಡಬೇಕಾಯಿತು. ಜೊತೆಗಿದ್ದಾಗ ನೀನು ಎನ್ನುತ್ತಿದ್ದವಳು, ಈಗ ನೀವು ಎನ್ನುತ್ತೇನೆ. ಮರ್ಯಾದೆಗಲ್ಲ, ದೂರ ಇಡಲು. ಅವನೂ ಹಾಗೆಯೇ ಶುರು ಮಾಡಿದ್ದಾನೆ.

“ಅವಳಿಗೆ ಹುಷಾರಿಲ್ಲ” ಎಂದೆ.

“ಏನಾಗಿದೆ?”

“ಹೊಟ್ಟೆ ನೋವು.”

ಅಷ್ಟಕ್ಕೇ ಫೋನ್ ಇಡುತ್ತಾನೆ ಎಂದುಕೊಂಡೆ.

“ಒಂದು ಮಾತು ಕೇಳ್ಲಾ? ಹೋದ ಭಾನುವಾರ ಎಷ್ಟು ಮಾತಾಡಿದ್ಳು. ನಾನು ಫೋನ್ ಇಟ್ಟು ಅತ್ತುಬಿಟ್ಟೆ, ನಿಜ ಹೇಳ್ತೀನಿ. ಒಂದು ವರ್ಷದಿಂದ ಅವಳು ನನ್ನ ಜೊತೆ ಸರಿಯಾಗಿ ಮಾತೇ ಆಡಿರ್ಲಿಲ್ಲ. ನೀವೇ ಏನಾದ್ರೂ ಹೇಳಿಕೊಟ್ಟಿದ್ದೀರಿ ಅಂತ ಎಷ್ಟೋ ಸಲ ಅನ್ಸಿದೆ. ಆಮೇಲೆ ನಂಗೆ ನಾನೇ ಬೈಕೊಂಡಿದೀನಿ. ನೀವು ಏನೇ ಆದ್ರೂ ಅಂಥ ಕೆಲಸ ಮಾಡೋರಲ್ಲ.”

ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದೆ.

“ಹಲೋ? ಇದೀರಾ?”

“ನಾಳೆಗೆ ಸರಿ ಹೋಗ್ತಾಳೆ” ಎಂದು ಇಟ್ಟೆ.

ಒಂದಿಷ್ಟು ಬೈದಿದ್ದರೆ ಚೆನ್ನಾಗಿತ್ತು. ಬೈದರೆ ತಿರುಗಿ ಬೈಯುವುದು ನನಗೆ ಚೆನ್ನಾಗಿ ಗೊತ್ತು. ಮನೆಯ ಒಳಗೆ ಅತ್ತಿಂದಿತ್ತ ನಡೆದೆ. ಫ್ರಿಜ್ ತೆಗೆದೆ, ಮುಚ್ಚಿದೆ. ಮತ್ತೆ ತೆಗೆದೆ.

ಜೂನ್ 18, ಬುಧವಾರ

ಎರಡು ದಿನ ಬರೆಯಲಿಲ್ಲ. ಬರೆಯಲು ಕೂತರೆ ಒಂದೇ ವಾಕ್ಯ ಬರುತ್ತದೆ.

ಹೇಳಬೇಕು. ಗೊತ್ತಿದೆ. ಸೋಮವಾರ ಹೇಳುತ್ತೇನೆ ಎಂದುಕೊಂಡೆ, ಅವಳಿಗೆ ಪರೀಕ್ಷೆ ಇತ್ತು. ನಿನ್ನೆ ಹೇಳುತ್ತೇನೆ ಎಂದುಕೊಂಡೆ, ಅವಳು ಅಪರೂಪಕ್ಕೆ ನಕ್ಕಳು, ಯಾಕೆ ಕೆಡಿಸಲಿ ಎನಿಸಿತು. ಎಂಥೆಂಥ ನೆಪ ಹುಡುಕುತ್ತೇನೆ ನಾನು. ಭಯ ಅಷ್ಟೇ. ಅಪ್ಪ ಮಾಡಿದ್ದು ಎಂದುಕೊಂಡು ಅಪ್ಪನ ಜೊತೆ ಒಂದು ವರ್ಷ ಮುಖ ಮುರಿದುಕೊಂಡಿದ್ದವಳು. ನಾನು ಎಂದು ಗೊತ್ತಾದರೆ ನನ್ನ ಜೊತೆ ಎಷ್ಟು ವರ್ಷ? ಅವನಿಗಾದರೆ ಭಾನುವಾರ ಮಾತ್ರ ಆ ಹ್ಞೂಂ, ಊಹೂಂ. ನಾನು ಒಂದೇ ಮನೆಯಲ್ಲಿರುವವಳು, ದಿನಾ ಕೇಳಬೇಕು.

ನನಗೆ ಇರುವುದು ಅವಳೊಬ್ಬಳೇ. ಅವನಿಗೂ ಇರುವುದು ಅವಳೊಬ್ಬಳೇ. ಇದು ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ.

ಆಫೀಸಿನಲ್ಲಿ ಮಧ್ಯಾಹ್ನ ಆಂಟಿವೈರಸ್ ಬಂದಿದ್ದ, ಪ್ರಿಂಟರ್‌ಗೆ. “ಆಡ್-ಆನ್ ಚೆನ್ನಾಗಿ ನಡೀತಿದೆಯಾ ಮೇಡಂ?” ಎಂದ ಹೆಮ್ಮೆಯಿಂದ. ತೆಗೆದುಬಿಡಿ ಎಂದೆ. ಮುಖ ಸಣ್ಣದಾಯಿತು, ಪಾಪ. “ಅಷ್ಟು ಕಷ್ಟಪಟ್ಟು ಹುಡುಕಿದೆ...”

“ನಿಮ್ಮ ತಪ್ಪಿಲ್ಲ. ನಂಗೆ ಮಳೆ ಯಾವಾಗ ಅಂತ ಗೊತ್ತಾಗ್ಬೇಕು. ಕೆಲಸಕ್ಕೆ ಬೇಕು.”

ಅದೂ ನಿಜವೇ. ತೆಗೆದ. ಹವಾಮಾನ ಬಂದ. ನೋಡಿದೆ. ಕಣ್ಣಿನ ಕೆಳಗೆ ಕಪ್ಪು ಹಿಡಿದಿದೆ, ಮೇಕಪ್ಪಿನಲ್ಲೂ ಕಾಣುತ್ತದೆ. ಶುಕ್ರವಾರ ಮಳೆ, ಆಮೇಲೆ ಬಿಡುವು ಎಂದ. ಹಾಗೆಯೇ ಬೋರ್ಡಿನ ಮೇಲೆ ಬರೆದೆ. ಬಾಗಿಲಲ್ಲಿ ವಾಚ್‌ಮನ್ “ಮೇಡಂ, ಇವತ್ತು ಮಂಡಿ ಕೇಳ್ಲೇ ಇಲ್ಲ?” ಎಂದು ಬೇಜಾರು ಮಾಡಿಕೊಂಡ. ಹಿಂತಿರುಗಿ ಹೋಗಿ ಕೇಳಿದೆ.

ಜೂನ್ 20, ಶುಕ್ರವಾರ

ಮಳೆ ಬಂತು. ಹೇಳಿದ ಹೊತ್ತಿಗೆ. ತಂಡವನ್ನು ಒಳಕೋಣೆಗಳಿಗೆ ಹಾಕಿದ್ದೆ, ಎಲ್ಲರೂ ಬೆಚ್ಚಗೆ ಗೋಡೆ ನುಣುಪಿಗೆ ಪುಟ್ಟಿ ಹಚ್ಚುತ್ತಿದ್ದರು. “ಮೇಡಮ್ಮೋರಿಗೆ ಜ್ಞಾನೋದಯ ಆಗಿದೆ” ಎಂದ ಮೇಸ್ತ್ರಿ. ನಗಲು ನೋಡಿದೆ.

ಇವತ್ತೂ ಹೇಳಲಿಲ್ಲ.

ಜೂನ್ 22, ಭಾನುವಾರ, ಸಂಜೆ

ಹೇಳಿದೆ.

ಬರೆದುಬಿಡುತ್ತೇನೆ. ಕೈಗೆ ಏನಾದರೂ ಕೆಲಸ ಬೇಕು.

ಫೋನು ಬರುವ ಮುಂಚೆ ಹೇಳಬೇಕೆಂದು ಬೆಳಿಗ್ಗೆಯಿಂದ ತಿರುಗಿದೆ. ನಾಲ್ಕೂವರೆಗೆ ಅವಳನ್ನು ಕರೆದು ಕೂರಿಸಿದೆ. ಅಂದುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಲ್ಯಾಪ್‌ಟಾಪ್ ತೆಗೆದೆ. ಮತ್ತೆ ನನ್ನ ಅಕೌಂಟ್ ಹಾಕಿದೆ, ಆಡ್-ಆನ್ ಹಾಕಿದೆ, ಅವಳ ಕಣ್ಣೆದುರಿಗೇ. ಅವನ ಹೆಸರನ್ನು ಟೈಪ್ ಮಾಡಿದೆ. ಪರದೆಯಲ್ಲಿ ಅಪ್ಪ ಬೂದಾದ.

ಅವಳು ನನ್ನ ಬೆರಳು ನೋಡಿದಳು. ಆಮೇಲೆ ಪರದೆ. ಆಮೇಲೆ ನನ್ನ ಮುಖ.

“ನೀನಾ?”

“ಹ್ಞೂಂ.”

“ಆಗ್ಲೂ?”

“ಹ್ಞೂಂ. ನಂಗೆ ಕಾಣಿಸ್ಬಾರ್ದು ಅಂತ ಆಫೀಸಲ್ಲಿ ಹಾಕ್ಕೊಂಡೆ. ನಿನ್ನ ಲ್ಯಾಪ್‌ಟಾಪ್‌ಗೂ ಬರುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಪುಟ್ಟ. ಅಪ್ಪ ನಿನ್ನನ್ನ ಯಾವತ್ತೂ ಬ್ಲಾಕ್ ಮಾಡಿಲ್ಲ. ಒಂದು ದಿನಾನೂ ಇಲ್ಲ.”

“ನಂಗೆ ಹುಷಾರಿಲ್ದಾಗ ನೀನು ನನ್ನ ಪಕ್ಕ ಮಲಗಿದ್ಯಲ್ಲ, ಆ ಗುರುವಾರ. ಆಗ ಗೊತ್ತಿತ್ತಾ?”

ಇದನ್ನೇ ಕೇಳುತ್ತಾಳೆ ಎಂದು ನನಗೆ ಹೊಳೆದಿರಲಿಲ್ಲ. ಸುಳ್ಳು ಹೇಳಬಹುದಿತ್ತು.

“ಅವತ್ತು ಗೊತ್ತಾಯ್ತು.”

“ಅದಾಗಿ ಇವತ್ತು ಎರಡನೇ ಭಾನುವಾರ.”

“ಹ್ಞೂಂ.”

ಅಳಲಿಲ್ಲ, ಕೂಗಲಿಲ್ಲ. ಮೌಸ್ ನನ್ನ ಕೈಯಿಂದ ತೆಗೆದುಕೊಂಡು ಅಪ್ಪನ ಹೆಸರಿನ ಮುಂದಿದ್ದ ಕಸದಬುಟ್ಟಿ ಒತ್ತಿದಳು. ಬೂದು ಹೋಯಿತು. ನಾಳೆ ಒಣಹವೆ ಎಂದು ಬರೆದಿತ್ತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಾನು ಮುಟ್ಟುವ ಮೊದಲೇ ಎತ್ತಿಕೊಂಡು ರೂಮಿಗೆ ಹೋದಳು. ಬಾಗಿಲು ಹಾಕಿಕೊಂಡಳು, ಪೂರ್ತಿ ಅಲ್ಲ.

ಈಗ ಮಾತಾಡುತ್ತಿದ್ದಾಳೆ. ನಾನು ಇಲ್ಲಿ ಊಟದ ಮೇಜಿನ ಹತ್ತಿರ. ಕದ್ದು ಕೇಳಬಾರದು ಎಂದೇ ಬರೆಯಲು ಕೂತದ್ದು. ಕೇಳಿಸುತ್ತಿದೆ.

“ಅಪ್ಪ, ಅದು ನೀವಲ್ವಂತೆ.”

“ಬೂದಿ ಬಾಕ್ಸ್... ಹೇಳ್ತೀನಿ ಇರಿ.”

ಹೇಳುತ್ತಿದ್ದಾಳೆ. ಮೊದಲಿಂದ. ಪಕ್ಕದ ಮನೆ ಕಂಪ್ಯೂಟರ್, ಶಾಲೆ, ಎಲ್ಲ. ದನಿ ಒಂದು ಸಲ ಒಡೆಯಿತು, ಮತ್ತೆ ಸರಿಯಾಯಿತು.

“ಅಮ್ಮ.”

“ಹೌದು, ಅಮ್ಮನೇ.”

ಈಗ ಆ ಕಡೆಯಿಂದ ಅವನು ಮಾತಾಡುತ್ತಿರಬೇಕು. ಇವಳ ದನಿ ಇಲ್ಲ. ಅಂಥ ಕೆಲಸ ಮಾಡುವವಳಲ್ಲ ಎಂದಿದ್ದ.

“ಇಲ್ಲ ಅಪ್ಪ, ಬೈಬೇಡಿ. ಅವಳೇ ಹೇಳಿದ್ದು. ನಾನು ಕಂಡುಹಿಡಿದಿದ್ದಲ್ಲ, ಅವಳೇ ಕೂರಿಸ್ಕೊಂಡು ಹೇಳಿದ್ಳು.”

“ನಂಗೂ ಕೋಪ ಇದೆ. ತುಂಬಾ ಇದೆ.”

“ಗೊತ್ತಿಲ್ಲ. ನೀವೇ ಕೇಳಿ.”

ಹೆಜ್ಜೆ ಸದ್ದು. ಬಾಗಿಲು ತೆರೆಯಿತು. ಕಣ್ಣು ಒರೆಸಿಕೊಂಡಿದ್ದಾಳೆ. ಫೋನು ಮುಂದೆ ಚಾಚಿಕೊಂಡು ಬರುತ್ತಿದ್ದಾಳೆ, ನನ್ನ ಕಡೆಗೇ —